ಇದು ಹೊಸ ಹುಳವೇ? ಕಡಲಂಚಿನ ಪುಟ್ಟ ಹುಳಗಳನ್ನು ಹುಡುಕಿ, ಗುರುತಿಸಿ, ಹೆಸರಿಡುವ ಸಮಗ್ರ ಮಾರ್ಗದರ್ಶಿ

ನೀರು ಇಳಿದ ಹೊತ್ತಿನಲ್ಲಿ ನಮ್ಮ ಕರಾವಳಿಯ ಅಳಿವೆಗಳಿಗೆ ಹೋಗಿ ನೋಡಿ. ಕೆಸರಿನಿಂದ ಬೆರಳುದ್ದದ ಕೊಳವೆಗಳು ಎದ್ದು ನಿಂತಿರುತ್ತವೆ. ಮೈತುಂಬ ಚಿಪ್ಪಿನ ಚೂರು, ಕಸಕಡ್ಡಿ ಅಂಟಿಸಿಕೊಂಡಿರುತ್ತವೆ. ಒಳಗಿರುವುದು ಡಯೋಪ್ಯಾಟ್ರ ಎಂಬ ಕುಲದ ಹುಳ. ಕಲಿಯುವ ದಿನಗಳಲ್ಲಿ ನಾನು ಇದನ್ನು ‘ಡಯೋಪ್ಯಾಟ್ರ ನಿಯಾಪಾಲಿಟಾನ’ ಅಂತ ಬರೆದುಕೊಂಡಿದ್ದೆ. ಪುಸ್ತಕದಲ್ಲಿ ಹಾಗೇ ಇತ್ತು. ನಿಯಾಪಾಲಿಟಾನ ಅಂದರೆ ನೇಪಲ್ಸ್ ಊರಿನದು. ಇಟಲಿಯ ನೇಪಲ್ಸಿನ ಹುಳ ಕುಮಟಾದ ಕೆಸರಿನಲ್ಲಿ ಏನು ಮಾಡುತ್ತಿದೆ ಅಂತ ಕೇಳುವ ಬುದ್ಧಿ ಆಗ ಬರಲಿಲ್ಲ.

ಹೊಸ ಪ್ರಭೇದ ಹುಡುಕುವ ಕೆಲಸ ನಿಜವಾಗಿ ಶುರುವಾಗುವುದು ಆ ಪ್ರಶ್ನೆಯಿಂದ. ಯಾರೂ ಕಾಣದ ಆಳಕ್ಕೆ ಇಳಿಯಬೇಕು ಅಂತೇನೂ ಇಲ್ಲ. ಎಲ್ಲರೂ ನೋಡಿದ, ಯಾರದೋ ಹೆಸರು ಹೊತ್ತುಕೊಂಡು ಕೂತ ಹುಳಗಳಲ್ಲೇ ಹೊಸವು ಜಾಸ್ತಿ ಅಡಗಿರುತ್ತವೆ. ಹುಳ ಹಿಡಿಯಲು ಒಂದು ಬೆಳಗ್ಗೆ ಸಾಕು. ಅದು ಹಳೆಯದಲ್ಲ ಅಂತ ತೋರಿಸಲು ವರ್ಷಗಳು ಬೇಕು. ಒಂದು ಪ್ರಭೇದದ ಮೊದಲ ಮಾದರಿ ಸಂಗ್ರಹವಾದ ಮೇಲೆ ಅದಕ್ಕೆ ಹೆಸರು ಸಿಗಲು ಸರಾಸರಿ 21 ವರ್ಷ ಹಿಡಿಯುತ್ತದೆ ಎಂದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಅಷ್ಟು ಕಾಲ ಅವು ಬಾಟಲಿಯಲ್ಲಿ ಸುಮ್ನೆ ಕೂತಿರುತ್ತವೆ.

ಇಲ್ಲಿ ನಾನು ಹೇಳುತ್ತಿರುವುದು ಪಾಲಿಕೀಟ್ ಹುಳಗಳ ಬಗ್ಗೆ. ಎರೆಹುಳದ ದೂರದ ನೆಂಟರು ಇವು. ಮೈ ಖಂಡಖಂಡವಾಗಿರುತ್ತದೆ. ಪ್ರತಿ ಖಂಡದ ಎರಡೂ ಬದಿಗೆ ಕಾಲಿನಂಥ ಮಡಿಕೆ, ಅದರಲ್ಲಿ ಬಿರುಗೂದಲಿನ ಕಟ್ಟು. ಆ ಮಡಿಕೆಗೆ ಪ್ಯಾರಾಪೋಡಿಯ ಅನ್ನುತ್ತಾರೆ. ಇವುಗಳಲ್ಲಿ ಈಗಾಗಲೇ ಹೆಸರಿರುವ ಪ್ರಭೇದಗಳೇ 11 ಸಾವಿರಕ್ಕೂ ಹೆಚ್ಚು.

ಒಂದು ಕುಟುಂಬ ಹಿಡಿಯಿರಿ

ಎಲ್ಲ ಹುಳಗಳನ್ನೂ ಕಲಿಯಲು ಹೊರಟರೆ ಯಾವುದೂ ಬರುವುದಿಲ್ಲ. ಪಾಲಿಕೀಟ್‌ಗಳಲ್ಲಿ ಎಂಬತ್ತಕ್ಕೂ ಹೆಚ್ಚು ಕುಟುಂಬಗಳಿವೆ. ಒಂದನ್ನು ಆರಿಸಿಕೊಳ್ಳಿ. ನಮ್ಮ ಕಡೆ ಶುರು ಮಾಡುವವರಿಗೆ ನಾನು ಹೇಳುವುದು ನೆರಿಡಿಡೇ. ಗಾಳಕ್ಕೆ ಸಿಕ್ಕಿಸುವ ಹುಳಗಳಲ್ಲಿ ಬಹಳಷ್ಟು ಈ ಕುಟುಂಬದವು. ದೊಡ್ಡದಾಗಿ ಸಿಗುತ್ತವೆ, ಗುರುತಿನ ಲಕ್ಷಣಗಳೂ ಸ್ಪಷ್ಟ. ಕೆಲವೇ ಮಿಲಿಮೀಟರ್ ಉದ್ದದ ಸಿಲ್ಲಿಡೇ ಚೆಂದ, ಆದರೆ ಕಣ್ಣು, ತಾಳ್ಮೆ ಎರಡನ್ನೂ ಪರೀಕ್ಷಿಸುತ್ತದೆ.

ಆಮೇಲೆ ಓದು. ಭಾರತದ ಪಾಲಿಕೀಟ್‌ಗಳಿಗೆ ಫ್ರಾನ್ಸಿನ ಪಿಯರ್ ಫೋವೆಲ್ 1953ರಲ್ಲಿ ಬರೆದ ಗ್ರಂಥವನ್ನು ಇವತ್ತಿಗೂ ಮೇಜಿನ ಮೇಲೆ ಇಟ್ಟುಕೊಳ್ಳಲೇಬೇಕು. ಅದರ ಜೊತೆಗೆ ಚಿಲಿಕಾ ಸರೋವರದ ಹುಳಗಳ ಬಗ್ಗೆ ಸದರ್ನ್ ಎಂಬುವರು 1921ರಲ್ಲಿ ಬರೆದದ್ದು. ಒಂದು ಎಚ್ಚರಿಕೆ: ಫೋವೆಲ್ ಅವರು ಯುರೋಪಿನ ಹೆಸರುಗಳನ್ನು ಧಾರಾಳವಾಗಿ ಬಳಸಿದ್ದಾರೆ. ಆ ಕಾಲದಲ್ಲಿ ಒಂದೇ ಹುಳ ಜಗತ್ತಿನ ಎಲ್ಲ ಕಡಲುಗಳಲ್ಲೂ ಇರಬಹುದು ಅಂತ ನಂಬಿದ್ದರು. ಆ ನಂಬಿಕೆ ಈಗ ಸಡಿಲವಾಗಿದೆ. ಅವರ ಪುಸ್ತಕದಲ್ಲಿ ಎಲ್ಲೆಲ್ಲಿ ಯುರೋಪಿನ ಹೆಸರಿದೆಯೋ ಅಲ್ಲೆಲ್ಲ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ನಿಮ್ಮ ಹುಡುಕಾಟದ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ.

ಕಾನೂನು ಮೊದಲು, ಕೆಸರು ಆಮೇಲೆ

ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಸಂರಕ್ಷಿತ ಪ್ರದೇಶಗಳಲ್ಲಿ ಸಂಗ್ರಹಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹವಳ ಮುಟ್ಟಲೇಬೇಡಿ. ಅದು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಹುಳಕ್ಕಾಗಿ ಹವಳ ಒಡೆದರೆ ಹುಲಿ ಹೊಡೆದಷ್ಟೇ ತೊಂದರೆ. ಮಾದರಿಗಳನ್ನು ವಿದೇಶಕ್ಕೆ ಕಳಿಸುವ ಮಾತು ಬಂದರೆ 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳನ್ನು ಮೊದಲು ಕೇಳಿ ತಿಳಿಯಿರಿ. ಈ ಕಾಗದಪತ್ರ ಇಲ್ಲದಿದ್ದರೆ ಕೊನೆಗೆ ಒಳ್ಳೆಯ ವಿಜ್ಞಾನ ಪತ್ರಿಕೆಗಳು ನಿಮ್ಮ ಲೇಖನವನ್ನೇ ವಾಪಸ್ ಕಳಿಸಬಹುದು.

ಎಲ್ಲಿ, ಯಾವಾಗ

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಇಳಿತ ಜಾಸ್ತಿ. ಬೇರೆ ದಿನ ನೀರಿನಡಿ ಇರುವ ಜಾಗ ಆಗ ತೆರೆದುಕೊಳ್ಳುತ್ತದೆ. ನೀರು ತೀರಾ ಕೆಳಗೆ ಹೋಗುವ ಹೊತ್ತಿಗೆ ಒಂದು ಗಂಟೆ ಮುಂಚೆ ಅಲ್ಲಿರಿ. ಒಬ್ಬರೇ ಹೋಗಬೇಡಿ. ಅಳಿವೆಯ ಕೆಸರು ಸೊಂಟದವರೆಗೆ ಎಳೆದುಕೊಳ್ಳುತ್ತದೆ, ಭರತ ಬರುವಾಗ ಹೇಳಿ ಬರುವುದಿಲ್ಲ. ಬಳಚು ಹೆಕ್ಕುವ ಸ್ಥಳೀಯರನ್ನು ಜೊತೆಗೆ ಕರೆದುಕೊಂಡು ಹೋದರೆ ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಅಂತ ಅವರು ಹೇಳುತ್ತಾರೆ. ಯಾವ ಜಾಗದಲ್ಲಿ ಯಾವ ಬಣ್ಣದ ಹುಳ ಅಂತಲೂ ಅವರಿಗೇ ಚೆನ್ನಾಗಿ ಗೊತ್ತು.

ಚೆಂದದ ಮರಳಿನಲ್ಲಷ್ಟೇ ಹುಡುಕಬೇಡಿ. ಕೊಳೆತ ಮರದ ದಿಮ್ಮಿ, ನಾರುವ ಕಪ್ಪು ಕೆಸರು, ಜೆಟ್ಟಿಯ ಕಂಬಕ್ಕೆ ಹತ್ತಿದ ಚಿಪ್ಪಿನ ಗೊಂಚಲು, ಸ್ಪಂಜಿನ ತೂತು, ಪಾಚಿಯ ಬುಡ, ಇವೆಲ್ಲ ನೋಡಿ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯವರು ಮೆಕ್ಸಿಕೋದ ತಜ್ಞರೊಬ್ಬರ ಜೊತೆ ಸೇರಿ ಪಶ್ಚಿಮ ಬಂಗಾಳದ ಕರಾವಳಿಯಿಂದ 2024ರಲ್ಲಿ ಎರಡು ಹೊಸ ನೆರಿಡಿಡೇ ಹುಳಗಳನ್ನು ವರದಿ ಮಾಡಿದರು. ಅದರಲ್ಲಿ ನಮಾಲಿಕ್ಯಾಸ್ಟಿಸ್ ಸೊಲೆನೊಟೊಗ್ನಾಥ ಸಿಕ್ಕಿದ್ದು ಮೂಗು ಮುಚ್ಚಿಕೊಳ್ಳುವಂಥ ಕೆಸರು, ಕೊಳೆತ ಮರದ ನಡುವೆ. ಸ್ಪಂಜಿನ ಮಾತಿಗೆ ಬಂದರೆ ಆಸ್ಟ್ರೇಲಿಯಾದ ಡಾರ್ವಿನ್ ಹತ್ತಿರ ಸಿಕ್ಕ ರ್‍ಯಾಮಿಸಿಲ್ಲಿಸ್ ಮಲ್ಟಿಕಾಡಾಟ ಇದೆ. 2012ರಲ್ಲಿ ಹೆಸರು ಪಡೆದ ಈ ಹುಳಕ್ಕೆ ತಲೆ ಒಂದು, ಬಾಲ ನೂರಾರು. ಸ್ಪಂಜಿನ ಕಾಲುವೆಗಳೊಳಗೆ ಮರದ ಬೇರಿನಂತೆ ಕವಲೊಡೆದು ಬದುಕುತ್ತದೆ.

ಕೆಸರಿನಿಂದ ಹುಳ ಬಿಡಿಸುವುದು

ಒಂದು ಚೌಕದ ಕಬ್ಬಿಣದ ಚೌಕಟ್ಟು ಅಥವಾ ಪಿವಿಸಿ ಪೈಪಿನ ತುಂಡನ್ನು ನೆಲಕ್ಕೆ ಒತ್ತಿ, ಒಳಗಿನ ಮಣ್ಣನ್ನು ಬಕೆಟ್ಟಿಗೆ ತೆಗೆಯಿರಿ. ಕಡಲನೀರು ಹಾಕಿ ಕೈಯಿಂದ ಮೆಲ್ಲಗೆ ಕಲಕಿ, ಮೇಲಿನ ನೀರನ್ನು 0.5 ಮಿಲಿಮೀಟರ್ ಕಣ್ಣಿನ ಜರಡಿಗೆ ಸುರಿಯಿರಿ. ಹಾಗೇ ನಾಲ್ಕೈದು ಸಲ ಮಾಡಿ. ಪೈಪಿನ ನೀರನ್ನು ರಭಸದಿಂದ ಬಿಡಬೇಡಿ. ಹುಳ ತುಂಡಾಗುತ್ತದೆ, ತುಂಡು ಹುಳದ ಬಾಲ ಯಾವುದು ಅಂತ ಆಮೇಲೆ ಒದ್ದಾಡುತ್ತೀರಿ. ಇಲ್ಲಿ ಕೈ ಕೆಸರಾಗುವುದಂತೂ ಖಂಡಿತ, ಮೊಸರಿನ ಮಾತು ಆಮೇಲೆ.

ಮರಳಿನ ಕಣಗಳ ನಡುವೆ ಬದುಕುವ ಅತಿ ಪುಟ್ಟ ಹುಳಗಳು ಬೇಕಿದ್ದರೆ 63 ಮೈಕ್ರೋಮೀಟರ್ ಬಲೆ ಬೇಕು. ಅವು ಮರಳಿಗೆ ಅಂಟಿಕೊಂಡಿರುತ್ತವೆ. ಬರೀ ನೀರಿಗೆ ಬಿಡುವುದಿಲ್ಲ. ಮೆಗ್ನೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಹತ್ತು ನಿಮಿಷ ನೆನೆಸಿದರೆ ಮಂಪರು ಬಂದು ಹಿಡಿತ ಬಿಡುತ್ತವೆ. ಆಗ ಕಲಕಿ ಸೋಸಿ. ಕಲ್ಲು, ಪಾಚಿಯಾದರೆ ಇನ್ನೂ ಸುಲಭದ ಉಪಾಯವಿದೆ. ಬಕೆಟ್ಟಿನ ಕಡಲನೀರಿನಲ್ಲಿ ಹಾಕಿ ರಾತ್ರಿ ಬಿಟ್ಟುಬಿಡಿ. ನೀರಿನ ಆಮ್ಲಜನಕ ಕಡಿಮೆಯಾದ ಹಾಗೆ ಹುಳಗಳು ತಾವಾಗೇ ಮೇಲೆ ಬರುತ್ತವೆ.

ಮಂಪರು, ಫೋಟೊ, ಬಾಟಲಿ

ಈ ಹಂತದಲ್ಲಿ ಅವಸರ ಮಾಡಿದರೆ ಮುಂದಿನ ಎಲ್ಲ ಕೆಲಸವೂ ಹಾಳು. ಬದುಕಿರುವ ಹುಳವನ್ನು ನೇರ ಫಾರ್ಮಾಲಿನ್‌ಗೆ (ಮಾದರಿ ಕೆಡದಂತೆ ಇಡುವ ದ್ರಾವಣ) ಹಾಕಿದರೆ ಅದು ಮುದುಡಿ ಚಕ್ಕುಲಿಯಾಗುತ್ತದೆ, ಕೆಲವು ತಾವೇ ತುಂಡಾಗುತ್ತವೆ. ಮೊದಲು ಮಂಪರು ಬರಿಸಿ. ಒಂದು ಲೀಟರ್ ಸಿಹಿನೀರಿಗೆ ಸುಮಾರು 73 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಹರಳು ಹಾಕಿದರೆ ಕಡಲನೀರಿಗೆ ಸರಿಸಮನಾದ ದ್ರಾವಣ ಸಿಗುತ್ತದೆ. ಅಳಿವೆಯ ಸಪ್ಪೆ ನೀರಿನ ಹುಳವಾದರೆ ಅದನ್ನು ಇನ್ನಷ್ಟು ತೆಳು ಮಾಡಿ. ಬ್ರಷ್ ತಾಗಿಸಿದಾಗ ಹುಳ ಅಲುಗದಿದ್ದರೆ ಸಾಕು.

ಈಗ ಫೋಟೊ. ತಲೆ, ಬೆನ್ನು, ಹೊಟ್ಟೆ, ಬಾಲ. ಪಕ್ಕದಲ್ಲಿ ಅಳತೆಪಟ್ಟಿ. ಹಸಿರು ಮಿಂಚು, ಕೆಂಪು ಪಟ್ಟೆ, ಬಿಳಿ ಚುಕ್ಕೆ ಎಲ್ಲ ಆಲ್ಕೋಹಾಲ್‌ನಲ್ಲಿ ಕೆಲವೇ ದಿನದಲ್ಲಿ ಮಾಯವಾಗುತ್ತವೆ. ಹಳೆಯ ಬಾಟಲಿಗಳಲ್ಲಿ ಎಲ್ಲ ಹುಳವೂ ಒಣ ಶಾವಿಗೆ ಬಣ್ಣದ್ದೇ. ನೆರಿಡಿಡೇ ಹುಳವಾದರೆ ಮಂಪರಿನಲ್ಲಿರುವಾಗಲೇ ತಲೆಯ ಹಿಂದೆ ಮೆಲ್ಲಗೆ ಒತ್ತಿ. ಒಳಗಿನ ಗಂಟಲು ಹೊರಗೆ ಚಾಚಿಕೊಳ್ಳುತ್ತದೆ. ಅದರ ಮೇಲಿನ ಪುಟ್ಟ ಹಲ್ಲುಗಳೇ ಆಮೇಲೆ ನಿಮ್ಮ ಮುಖ್ಯ ಸಾಕ್ಷಿ.

ಹುಳವನ್ನು ಕಾಪಿಡುವಲ್ಲಿ ಒಂದು ಇಕ್ಕಟ್ಟಿದೆ. ಫಾರ್ಮಾಲಿನ್ ಆಕಾರ ಉಳಿಸುತ್ತದೆ, ಡಿಎನ್‌ಎ ಕೆಡಿಸುತ್ತದೆ. ಆಲ್ಕೋಹಾಲ್ ಡಿಎನ್‌ಎ ಉಳಿಸುತ್ತದೆ, ಮೈ ಸುಕ್ಕಾಗಿಸುತ್ತದೆ. ನಾನು ಮಾಡುವುದು ಹೀಗೆ: ಹಿಂಭಾಗದಿಂದ ಕೆಲವು ಖಂಡ ಕತ್ತರಿಸಿ 95 ಶೇಕಡಾ ಎಥನಾಲ್‌ಗೆ, ಉಳಿದ ಮೈ ಫಾರ್ಮಾಲಿನ್‌ಗೆ. ಎರಡೂ ಬಾಟಲಿಗೆ ಒಂದೇ ನಂಬರು. ಅಂಗಡಿಯ ಫಾರ್ಮಾಲಿನ್ 1 ಪಾಲಿಗೆ ಕಡಲನೀರು 9 ಪಾಲು. ಒಂದೆರಡು ದಿನ ಬಿಟ್ಟು, ತೊಳೆದು, 70 ಶೇಕಡಾ ಆಲ್ಕೋಹಾಲ್‌ಗೆ ಬದಲಿಸಿ. ಫಾರ್ಮಾಲಿನ್ ಕ್ಯಾನ್ಸರ್ ತರುವ ರಾಸಾಯನಿಕ. ಗ್ಲೌಸ್ ಹಾಕಿ, ಕಿಟಕಿ ತೆರೆದಿಡಿ, ಅಡುಗೆಮನೆಯ ಹತ್ತಿರ ತರಬೇಡಿ.

ಚೀಟಿ ಬರೆಯುವುದು ಪೆನ್ಸಿಲ್‌ನಲ್ಲಿ, ದಪ್ಪ ಕಾಗದದ ಮೇಲೆ. ಬಾಟಲಿಯ ಹೊರಗಲ್ಲ, ಒಳಗೆ. ದಿನಾಂಕ, ಜಾಗ, ಅಕ್ಷಾಂಶ ರೇಖಾಂಶ, ಕೆಸರೋ ಮರಳೋ, ಎಷ್ಟು ಆಳ, ಹಿಡಿದವರು ಯಾರು. ಒಮ್ಮೆ ನಾನು ಬಾಲ್‌ಪೆನ್ನಿನಲ್ಲಿ ಬರೆದಿದ್ದೆ. ಮೂರು ತಿಂಗಳ ನಂತರ ನೋಡಿದರೆ ಹದಿನಾಲ್ಕು ಬಾಟಲಿಯ ಆಲ್ಕೋಹಾಲ್ ನೀಲಿ, ಚೀಟಿಗಳೆಲ್ಲ ಖಾಲಿ. ಹುಳಗಳು ಚೆನ್ನಾಗಿಯೇ ಇದ್ದವು, ಎಲ್ಲಿಯವು ಅಂತ ಹೇಳಲು ಯಾರೂ ಇರಲಿಲ್ಲ. ಎಲ್ಲವನ್ನೂ ಚೆಲ್ಲಬೇಕಾಯಿತು.

ಮೈಕ್ರೋಸ್ಕೋಪಿನ ಕೆಳಗೆ

ಮೊದಲು ಕುಟುಂಬ ಗೊತ್ತುಮಾಡಿ. ಬೆನ್ನ ಮೇಲೆ ಮೀನಿನ ಹುರುಪೆಯಂಥ ಹಲಗೆಗಳಿದ್ದರೆ ಪಾಲಿನೋಯ್ಡೇ. ತಲೆಯಿಂದ ಎರಡು ಉದ್ದ ಮೀಸೆ ಚಾಚಿದ್ದರೆ ಬಹುಶಃ ಸ್ಪಯೊನಿಡೇ. ಬೀಸಣಿಗೆಯಂಥ ಕಿರೀಟವಿದ್ದರೆ ಸಬೆಲ್ಲಿಡೇ ಅಥವಾ ಅದರ ಹತ್ತಿರದವರು. ಎರೆಹುಳದಂತೆ ಬೋಳು ಬೋಳಾಗಿದ್ದರೆ ಕ್ಯಾಪಿಟೆಲ್ಲಿಡೇ ನೋಡಿ.

ಕುಲ, ಪ್ರಭೇದಕ್ಕೆ ಬಂದಾಗ ಎಣಿಕೆ ಶುರು. ನೆರಿಡಿಡೇ ಹುಳದ ಚಾಚಿದ ಗಂಟಲನ್ನು ಎಂಟು ಪ್ರದೇಶಗಳಾಗಿ ಗುರುತಿಸುತ್ತಾರೆ. ಪ್ರತಿ ಪ್ರದೇಶದಲ್ಲೂ ಎಷ್ಟು ಪುಟ್ಟ ಹಲ್ಲು, ಮೊನಚೋ ಪಟ್ಟಿಯೋ, ಒಂದೇ ಸಾಲೋ ಗುಂಪೋ ಬರೆದುಕೊಳ್ಳಿ. ಆಮೇಲೆ ಮುಂದಿನ, ನಡುವಿನ, ಹಿಂದಿನ ಒಂದೊಂದು ಪ್ಯಾರಾಪೋಡಿಯ ಕತ್ತರಿಸಿ ಗ್ಲಿಸರಿನ್‌ನಲ್ಲಿಟ್ಟು 400 ಪಟ್ಟು ದೊಡ್ಡದಾಗಿ ನೋಡಿ. ಕೀಲು ಇರುವ ಬಿರುಗೂದಲುಗಳ ತುದಿ ಉದ್ದ ಸೂಜಿಯಂತಿದ್ದರೆ ಸ್ಪಿನಿಜರ್, ಕುಡುಗೋಲಿನಂತಿದ್ದರೆ ಫಾಲ್ಸಿಜರ್. ಎಲ್ಲಿ ಯಾವುದಿದೆ, ಎಷ್ಟನೇ ಖಂಡದಿಂದ ಶುರು ಅನ್ನುವುದೇ ಎಷ್ಟೋ ಸಲ ತೀರ್ಮಾನ ಮಾಡುತ್ತದೆ. ಎಲ್ಲ ಹುಳದಲ್ಲೂ ಅದೇ ನಂಬರಿನ ಖಂಡ ನೋಡಿ. ಒಂದರಲ್ಲಿ ಹತ್ತನೆಯದು, ಇನ್ನೊಂದರಲ್ಲಿ ಇಪ್ಪತ್ತನೆಯದು ನೋಡಿ ‘ವ್ಯತ್ಯಾಸ ಇದೆ’ ಅಂದರೆ ಆಗುವುದಿಲ್ಲ.

ಕ್ಯಾಪಿಟೆಲ್ಲಿಡೇಯಂಥ ಬೋಳು ಹುಳಗಳಿಗೆ ಮೀಥೈಲ್ ಗ್ರೀನ್ ಬಣ್ಣ ಹಾಕಿ ನೋಡಿ. ಮೈಯ ಗ್ರಂಥಿಗಳು ಇರುವ ಕಡೆ ಮಾತ್ರ ಬಣ್ಣ ನಿಲ್ಲುತ್ತದೆ. ಆ ಚಿತ್ತಾರ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಸಿಕ್ಕರೆ ಬಿಡಬೇಡಿ, ಆದರೆ ಅದರಲ್ಲಿ ನೋಡಲು ಬಳಿಯುವ ಚಿನ್ನದ ಲೇಪವನ್ನು ನಿಮ್ಮ ಏಕೈಕ ಒಳ್ಳೆಯ ಮಾದರಿಗೆ ಹಾಕಿಸಬೇಡಿ.

ಹೊಸದು ಅನ್ನುವ ಮೊದಲು

ಎಲ್ಲಕ್ಕಿಂತ ನಿಧಾನದ ಹಂತ ಇದು. ನನ್ನ ಪ್ರಕಾರ ಎಲ್ಲಕ್ಕಿಂತ ರುಚಿಯ ಹಂತವೂ ಹೌದು.

ಮೊದಲ ಅನುಮಾನ ನಿಮ್ಮ ಹುಳದ ಮೇಲೇ ಇರಲಿ. ಅದು ಮರಿಯೇ? ಗಂಟಲ ಹಲ್ಲುಗಳ ಎಣಿಕೆ ವಯಸ್ಸಿನ ಜೊತೆ ಬದಲಾಗಬಹುದು. ಬಾಲ ಕಳೆದುಕೊಂಡು ಮತ್ತೆ ಬೆಳೆಸಿಕೊಂಡದ್ದೇ? ಮರಿ ಹಾಕುವ ಕಾಲದ್ದೇ? ನೆರಿಡಿಡೇ ಹುಳಗಳು ಸಂತಾನದ ಹೊತ್ತಿಗೆ ವೇಷ ಬದಲಿಸುತ್ತವೆ. ಕಣ್ಣು ದೊಡ್ಡದಾಗುತ್ತದೆ, ಬಿರುಗೂದಲು ಈಜುವ ಹುಟ್ಟಿನಂತಾಗುತ್ತದೆ. ಹತ್ತೊಂಬತ್ತನೇ ಶತಮಾನದ ತಜ್ಞರು ಈ ವೇಷ ನೋಡಿ ಹೆಟೆರೊನೆರಿಸ್ ಎಂಬ ಬೇರೆ ಕುಲವನ್ನೇ ಮಾಡಿಬಿಟ್ಟರು. ಸಿಲ್ಲಿಡೇ ಕುಟುಂಬದಲ್ಲಿ ಇನ್ನೂ ತಮಾಷೆ. ಒಂದೇ ಬಗೆಯ ಹುಳದಿಂದ ಕಳಚಿಕೊಂಡು ಈಜಿಹೋಗುವ ಗಂಡು ತುಂಡಿಗೆ ಪಾಲಿಬೊಸ್ಟ್ರಿಕಸ್, ಹೆಣ್ಣು ತುಂಡಿಗೆ ಸ್ಯಾಕೊನೆರಿಸ್ ಎಂಬ ಹೆಸರುಗಳಿದ್ದವು. ಗಂಡ ಹೆಂಡತಿಯನ್ನು ಬೇರೆ ಬೇರೆ ಕುಲಕ್ಕೆ ಸೇರಿಸಿದ್ದರು. ಹಾಗಾಗಿ ಒಂದೇ ಹುಳ ಹಿಡಿದು ಹೊಸ ಪ್ರಭೇದ ಬರೆಯಬೇಡಿ. ಸಣ್ಣದು, ದೊಡ್ಡದು, ಬೇರೆ ತಿಂಗಳಿನದು ಸೇರಿ ಹತ್ತಿಪ್ಪತ್ತಾದರೂ ಇರಲಿ.

ಎರಡನೆಯ ಅನುಮಾನ ಹಳೆಯ ಹೆಸರುಗಳ ಮೇಲೆ. ಪ್ರಾಣಿಗಳ ವೈಜ್ಞಾನಿಕ ಹೆಸರಿನ ಲೆಕ್ಕ 1758ರಿಂದ, ಲಿನೇಯಸ್ ಅವರಿಂದ ಶುರು. ಅಲ್ಲಿಂದ ಇಲ್ಲಿಯವರೆಗೆ ಆ ಕುಲದಲ್ಲಿ ಕೊಟ್ಟ ಪ್ರತಿಯೊಂದು ಹೆಸರನ್ನೂ ನೋಡಬೇಕು, ಈಗ ತಿರಸ್ಕೃತವಾದವನ್ನೂ ಸೇರಿಸಿ. ಜಾಗತಿಕ ಕಡಲ ಜೀವಿಗಳ ನೋಂದಣಿಯಾದ ವೋರ್ಮ್ಸ್ ತಾಣದಲ್ಲಿ ಪಟ್ಟಿ ಸಿಗುತ್ತದೆ. ಹಳೆಯ ಮೂಲ ವಿವರಣೆಗಳ ಪುಟಗಳು ಬಯೊಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಪುಕ್ಕಟೆ. ಲ್ಯಾಟಿನ್, ಜರ್ಮನ್, ಫ್ರೆಂಚ್ ಭಾಷೆಯವೂ ಇರುತ್ತವೆ. ಯಂತ್ರದ ಅನುವಾದ ಇಟ್ಟುಕೊಂಡೇ ಓದಿ, ಆದರೆ ಚಿತ್ರಗಳನ್ನು ಹೆಚ್ಚು ನಂಬಿ. ಎಷ್ಟೋ ಸಲ ನೂರು ವರ್ಷದ ಹಿಂದೆ ಯಾರೋ ನಮ್ಮ ಕಡಲಿನ ಹುಳಕ್ಕೆ ಸರಿಯಾದ ಹೆಸರೇ ಕೊಟ್ಟಿರುತ್ತಾರೆ. ಆಮೇಲೆ ಬಂದವರು ‘ಇದು ಯುರೋಪಿನದ್ದೇ’ ಅಂತ ಅದನ್ನು ಮುಚ್ಚಿಹಾಕಿರುತ್ತಾರೆ. ಆಗ ನೀವು ಮಾಡಬೇಕಾದದ್ದು ಹೊಸ ಹೆಸರು ಇಡುವುದಲ್ಲ, ಹಳೆಯದನ್ನು ಎಬ್ಬಿಸುವುದು. ದಿನಪತ್ರಿಕೆಯಲ್ಲಿ ಫೋಟೊ ಬರುವುದಿಲ್ಲ, ನಿಜ. ಆದರೂ ಕೆಲಸ ಅಷ್ಟೇ ದೊಡ್ಡದು.

ಕೊನೆಗೆ ಟೈಪ್ ಮಾದರಿ ನೋಡಬೇಕು. ಹೆಸರಿಟ್ಟಾಗ ಆಧಾರವಾಗಿಟ್ಟ ಆ ಒಂದು ಹುಳ ಯಾವುದೋ ಮ್ಯೂಸಿಯಂನಲ್ಲಿ ಇರುತ್ತದೆ. ಅಲ್ಲಿಗೆ ಹೋಗಿ, ಇಲ್ಲವೇ ಫೋಟೊ ಕೇಳಿ. ಅದು ಕಳೆದುಹೋಗಿದ್ದರೆ ಅದೇ ಊರಿನ ಹೊಸ ಮಾದರಿ ಹುಡುಕಿ. ನಮ್ಮ ಡಯೋಪ್ಯಾಟ್ರ ನೇಪಲ್ಸಿನದು ಹೌದೋ ಅಲ್ಲವೋ ಅಂತ ಹೇಳಲು ನೇಪಲ್ಸಿನ ಹುಳವೇ ಬೇಕು, ಅಲ್ವಾ?

ಡಿಎನ್‌ಎ ಏನು ಹೇಳುತ್ತದೆ, ಏನು ಹೇಳುವುದಿಲ್ಲ

1969ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೆಸ್ಟ್ ಫಾಲ್ಮತ್ ಬಳಿ ಎಣ್ಣೆ ಚೆಲ್ಲಿತು. ಅಲ್ಲಿ ಹುಲುಸಾಗಿ ಬೆಳೆದ ಹುಳವನ್ನು ಕ್ಯಾಪಿಟೆಲ್ಲ ಕ್ಯಾಪಿಟಾಟ ಅಂತ ಕರೆಯುತ್ತಿದ್ದರು. ಜಗತ್ತಿನೆಲ್ಲೆಡೆ ಮಾಲಿನ್ಯದ ಗುರುತಾಗಿ ಬಳಸುವ ಹೆಸರು ಅದು. ಜೂಡಿತ್ ಮತ್ತು ಫ್ರೆಡ್ ಗ್ರಾಸಲ್ ದಂಪತಿ ಅದರ ಕಿಣ್ವಗಳನ್ನು ಹೋಲಿಸಿ ನೋಡಿ, ಅಲ್ಲಿರುವುದು ಒಂದಲ್ಲ, ಆರು ಪ್ರಭೇದ ಅಂತ 1976ರಲ್ಲಿ ತೋರಿಸಿದರು. ಹೊರಗಿನಿಂದ ಎಲ್ಲವೂ ಒಂದೇ ತರಹ. ಅವುಗಳಲ್ಲಿ ಒಂದಕ್ಕೆ ಕ್ಯಾಪಿಟೆಲ್ಲ ಟೆಲೆಟ ಎಂಬ ಹೆಸರು ಬಂದದ್ದು 2009ರಲ್ಲಿ, ಅಂದರೆ 33 ವರ್ಷದ ನಂತರ.

ಈಗ ಕಿಣ್ವದ ಬದಲು ಡಿಎನ್‌ಎಯನ್ನೇ ಓದುತ್ತಾರೆ. ಸಾಮಾನ್ಯವಾಗಿ ಓದುವುದು ಪ್ರಾಣಿಗಳನ್ನು ಗುರುತಿಸಲು ಬಳಸುವ ಸಿಒಐ ಎಂಬ ಜೀನಿನ ಸುಮಾರು 658 ಅಕ್ಷರಗಳ ತುಂಡು. ಎಲ್ಲರೂ ಬಳಸುವ 1994ರ ಫೋಲ್ಮರ್ ಪ್ರೈಮರ್‌ಗಳು (ಓದಬೇಕಾದ ತುಂಡನ್ನು ಹಿಡಿದುಕೊಡುವ ಚಿಕ್ಕ ಡಿಎನ್‌ಎ ಎಳೆಗಳು) ಪಾಲಿಕೀಟ್‌ಗಳಲ್ಲಿ ಆಗಾಗ ಕೈಕೊಡುತ್ತವೆ. ಆಗ ಈ ಹುಳಗಳಿಗೆಂದೇ ತಿದ್ದಿದ ಪ್ರೈಮರ್ ಬಳಸಿ, ಜೊತೆಗೆ 16ಎಸ್ ಎಂಬ ಇನ್ನೊಂದು ಜೀನನ್ನೂ ಓದಿಸಿ. ಒಂದೇ ಜೀನಿನ ಮಾತು ಕೇಳಿ ತೀರ್ಪು ಕೊಡಬೇಡಿ. ‘ಇಷ್ಟು ಶೇಕಡಾ ವ್ಯತ್ಯಾಸವಿದ್ದರೆ ಬೇರೆ ಪ್ರಭೇದ’ ಎಂಬ ಖಾಯಂ ಸೂತ್ರ ಯಾವುದೂ ಇಲ್ಲ. ನಿಮ್ಮ ಹುಳಗಳ ಒಳಗಿನ ವ್ಯತ್ಯಾಸ ಸಣ್ಣದಿದ್ದು, ಹತ್ತಿರದ ಪ್ರಭೇದದ ಜೊತೆಗಿನದು ದೊಡ್ಡದಿದ್ದು, ಮೈಲಕ್ಷಣವೂ ಅದನ್ನೇ ಹೇಳಿದರೆ ಧೈರ್ಯ ಮಾಡಬಹುದು. ಜೀನ್‌ಬ್ಯಾಂಕಿನಲ್ಲಿ (ಎಲ್ಲರೂ ಓದಿದ ಡಿಎನ್‌ಎ ಕೂಡಿಡುವ ಆನ್‌ಲೈನ್ ಭಂಡಾರ) ತಪ್ಪು ಹೆಸರಿನ ದಾಖಲೆಗಳೂ ಇವೆ. ಹೋಲಿಸುವ ಮೊದಲು ಆ ಮಾದರಿ ಯಾವ ಊರಿನದು ಅಂತ ನೋಡಿ.

ಹೆಸರು, ಬರವಣಿಗೆ, ಜಾಗ ಸೇರಿಸುವುದು

ಹೆಸರಿಗೆ ಎರಡು ಪದ, ಲ್ಯಾಟಿನ್ ವ್ಯಾಕರಣ. ಊರಿನ ಹೆಸರಾದರೆ ಕೊನೆಗೆ ಸಾಮಾನ್ಯವಾಗಿ ‘ಎನ್ಸಿಸ್’, ಗಂಡಸಿನ ಹೆಸರಿಗೆ ‘ಐ’, ಹೆಂಗಸಿನ ಹೆಸರಿಗೆ ‘ಏ’. ಬಂಗಾಳದ ಆ ಎರಡನೆಯ ಹುಳ ನೆರಿಸ್ ಧೃತಿಯೇ. ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮೊದಲ ಮಹಿಳಾ ನಿರ್ದೇಶಕಿ ಧೃತಿ ಬ್ಯಾನರ್ಜಿ ಅವರ ಗೌರವಕ್ಕೆ ಇಟ್ಟ ಹೆಸರು. ನಿಮ್ಮದೇ ಹೆಸರು ಇಟ್ಟುಕೊಳ್ಳುವುದಕ್ಕೆ ನಿಯಮದ ಅಡ್ಡಿಯಿಲ್ಲ, ಆದರೆ ಜನ ನಗುತ್ತಾರೆ.

ಲೇಖನದಲ್ಲಿ ಇರಲೇಬೇಕಾದದ್ದು: ಈ ಹುಳ ಹತ್ತಿರದವುಗಳಿಂದ ಹೇಗೆ ಬೇರೆ ಎಂಬ ಸ್ಪಷ್ಟ ಮಾತು, ಹೋಲೋಟೈಪ್ (ಹೆಸರಿಗೆ ಆಧಾರವಾಗಿಟ್ಟ ಆ ಒಂದು ಹುಳ) ಯಾವುದು, ಅದು ಯಾವ ಸಂಗ್ರಹದಲ್ಲಿದೆ. 1999ರ ನಂತರ ಆಧಾರದ ಮಾದರಿ ಯಾವುದೆಂದು ಹೇಳದೆ ಇಟ್ಟ ಹೆಸರಿಗೆ ಬೆಲೆಯಿಲ್ಲ. ಆನ್‌ಲೈನ್‌ನಲ್ಲಷ್ಟೇ ಬರುವ ಪತ್ರಿಕೆಯಾದರೆ ಪ್ರಾಣಿಗಳ ಹೆಸರುಗಳ ದಾಖಲೆಯಾದ ಜೂಬ್ಯಾಂಕ್‌ನಲ್ಲಿ ನೋಂದಣಿಯೂ ಕಡ್ಡಾಯ. 2012ರಲ್ಲಿ ಬಂದ ನಿಯಮ ಅದು. ಎರಡು ವಾರದಲ್ಲಿ ಛಾಪಿಸಿಕೊಡುತ್ತೇವೆ, ದುಡ್ಡು ಕಳಿಸಿ ಅನ್ನುವ ಪತ್ರಿಕೆಗಳ ಹತ್ತಿರ ಸುಳಿಯಬೇಡಿ.

ಇಷ್ಟನ್ನೆಲ್ಲ ಒಬ್ಬರೇ ಮಾಡಬೇಕಿಲ್ಲ, ಮಾಡಲೂ ಆಗುವುದಿಲ್ಲ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಗೋವಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ, ಚೆನ್ನೈಯಲ್ಲಿ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಕಡಲ ಕೇಂದ್ರ ಇವೆ. ಒಳ್ಳೆಯ ಫೋಟೊ, ಸರಿಯಾದ ಚೀಟಿ ಇದ್ದರೆ ತಜ್ಞರು ಸಾಮಾನ್ಯವಾಗಿ ಉತ್ತರ ಕೊಡುತ್ತಾರೆ.

ಭಾರತದಲ್ಲಿ ಹೊಸ ಪ್ರಭೇದ ಕಂಡುಹಿಡಿದವರು ಮಾನ್ಯತೆ ಪಡೆದ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿ ಕೊಡಬೇಕು. ಜೀವವೈವಿಧ್ಯ ಕಾಯ್ದೆ ಹಾಗೆ ಹೇಳುತ್ತದೆ. ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಅಂಥ ಒಂದು ಜಾಗ. ಹೋಲೋಟೈಪ್ ಮನೆಯ ಕಪಾಟಿನಲ್ಲಿ ಇರಬಾರದು. ಪ್ಯಾರಾಟೈಪ್‌ಗಳನ್ನು (ವಿವರಣೆಗೆ ಬಳಸಿದ ಉಳಿದ ಹುಳಗಳನ್ನು) ಎರಡು ಮೂರು ಕಡೆ ಹಂಚಿ, ಒಂದು ಕಡೆ ಬೆಂಕಿ ಬಿದ್ದರೂ ಇನ್ನೊಂದು ಉಳಿಯುತ್ತದೆ.

ಹೆಸರು ಪ್ರಕಟವಾದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಕಾಲೇಜು, ಮ್ಯೂಸಿಯಂಗಳ ಕಪಾಟಿನಲ್ಲಿ ಇದೇ ಹುಳ ತಪ್ಪು ಹೆಸರಿನಲ್ಲಿ ಕೂತ ಬಾಟಲಿಗಳಿರುತ್ತವೆ. ಕೇಳಿಕೊಂಡು ಹೋಗಿ ತೆರೆಸಿ ನೋಡಿ. ಹೊಸ ಹೆಸರು, ನಿಮ್ಮ ಹೆಸರು, ಇಸವಿ ಬರೆದ ಚೀಟಿಯೊಂದನ್ನು ಒಳಗೆ ಹಾಕಿ. ಹಳೆಯ ಚೀಟಿ ಮಾತ್ರ ತೆಗೆಯಬೇಡಿ. ನಿಮ್ಮದೂ ತಪ್ಪಾಗಿದ್ದರೆ ಮುಂದೆ ಬರುವವರಿಗೆ ಎರಡೂ ಬೇಕಾಗುತ್ತವೆ.